ಮೊಹರಂ ನೋಡಿಕೊಂಡು ಸರ್ವೆ ದಿನ ಇಡಿ

ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ವಲಸೆ ಬಗ್ಗೆ ಸರ್ವೆ ಮಾಡಿಸುವುದು ನನ್ನ ಕೆಲಸ. ಪ್ರಶ್ನೆಪಟ್ಟಿ ಬರೆಯುವವರು ದೊಡ್ಡ ಊರಿನ ಪ್ರೊಫೆಸರ್‌ಗಳು. ಹುಡುಗ ಹುಡುಗಿಯರ ತಂಡ ಕಟ್ಟಿಕೊಂಡು ಮನೆಮನೆ ತಿರುಗುವವರು ನಾವು. ಹೊಸದಾಗಿ ತಂಡಕ್ಕೆ ಬಂದವರು ಮೊದಲು ಟ್ಯಾಬ್ ಕೇಳುತ್ತಾರೆ. ನಾನು ಮೊದಲು ಕ್ಯಾಲೆಂಡರ್ ಕೊಡುತ್ತೇನೆ.

ಯಾಕಂದ್ರೆ ವಲಸೆ ಹೋದವರ ಬಗ್ಗೆ ಕೇಳಲು ಹೋದರೆ ಅವರೇ ಊರಲ್ಲಿ ಇರುವುದಿಲ್ಲ. ಬಾಗಿಲಿಗೆ ಬೀಗ. ಇಲ್ಲವೇ ಕಟ್ಟೆ ಮೇಲೆ ಒಬ್ಬ ಆಯಿ, ಪಕ್ಕದಲ್ಲಿ ಮೊಮ್ಮಕ್ಕಳು. "ಮಗ ಸೊಸಿ ಬೆಂಗಳೂರಿಗೆ ದುಡಿಲಾಕ ಹೋಗ್ಯಾರ ತಮ್ಮಾ, ಪಗಾರ ಎಷ್ಟಂತ ನನಗೇನ್ ಗೊತ್ತು?" ಅನ್ನುತ್ತಾಳೆ. ಮೇಸ್ತ್ರಿ ಎಷ್ಟು ಮುಂಗಡ ಕೊಟ್ಟ, ಅದರಲ್ಲಿ ಎಷ್ಟು ತೀರಿತು, ವಾರದ ಖರ್ಚಿಗೆ ಎಷ್ಟು ಕೈಗೆ ಬಂತು ಅನ್ನುವುದು ದುಡಿದವರಿಗೇ ಗೊತ್ತು.

ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಯಲ್ಲಿ ಫಾರಂ ತುಂಬಿಸಿಕೊಂಡು ಬರುವುದು ಸುಲಭ. ಆದರೆ ಪಕ್ಕದವರು ಊರಲ್ಲಿ ಉಳಿದಿದ್ದು ಯಾಕೆ? ಅವರಿಗೆ ಹೊಲ ಇದೆ, ಇಲ್ಲವೇ ನಾರಾಯಣಪುರದ ಕಾಲುವೆ ನೀರು ಬರುತ್ತೆ, ಇಲ್ಲವೇ ಮನೆಯಲ್ಲಿ ಒಬ್ಬರಿಗೆ ತಿಂಗಳ ಸಂಬಳ ಇದೆ. ಹೀಗೆ ಬೀಗಗಳನ್ನು ದಾಟುತ್ತಾ ಹೋದರೆ ಊರು ಕಾಗದದ ಮೇಲೆ ಅನುಕೂಲಸ್ಥರ ಊರಾಗಿಬಿಡುತ್ತೆ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ, ಸುಮಾರು 52 ಶೇಕಡಾ, ಇದ್ದ ಯಾದಗಿರಿ ಜಿಲ್ಲೆಯಲ್ಲಿ ಅಂಥ ಫಲಿತಾಂಶ ಬಂದರೆ ಅನುಮಾನ ಪಡಲೇಬೇಕು.

ಸರ್ಕಾರಿ ಲೆಕ್ಕದಲ್ಲೂ ತೊಡಕು ಇದ್ದೇ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತಿನಲ್ಲಿ (2007-08) ಅಲ್ಪಾವಧಿ ವಲಸಿಗರನ್ನು ಗುರುತಿಸಿದ ರೀತಿ ಹೀಗಿತ್ತು. ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳು ಅಥವಾ ಹೆಚ್ಚು, ಆದರೆ ಆರು ತಿಂಗಳಿಗಿಂತ ಕಡಿಮೆ, ಊರು ಬಿಟ್ಟಿರಬೇಕು. ದೀಪಾವಳಿ ಮುಗಿಸಿ ಹೊರಟ ಗಂಡ ಹೆಂಡತಿ ಮುಂಗಾರಿಗೆ ವಾಪಸ್ ಬರುವಷ್ಟರಲ್ಲಿ ಆರು ತಿಂಗಳು ದಾಟಿರುತ್ತೆ. ಹಾಗಾದರೆ ಅವರು ಬೆಂಗಳೂರಿನವರಾ? ಅಲ್ಲಿ ಅವರು ಇರುವ ತಗಡಿನ ಶೆಡ್ಡು ಯಾವ ಮನೆಪಟ್ಟಿಯಲ್ಲೂ ಸಿಗುವುದು ಕಷ್ಟ. ಇನ್ನು ಕುಟುಂಬ ಅಂದರೆ ಒಂದೇ ಅಡುಗೆ ಉಣ್ಣುವವರು ಅನ್ನುತ್ತೆ ನಿಯಮ. ಆಯಿಯ ಒಲೆ ಇಲ್ಲಿ, ಸೊಸೆಯ ಒಲೆ ಅಲ್ಲಿ. ಸಾಲ ಮಾತ್ರ ಒಂದೇ, ರೇಷನ್ ಕಾರ್ಡೂ ಒಂದೇ. ನಾವು ಸಾಲ ಯಾರ ಹೆಗಲ ಮೇಲಿದೆ ಅಂತ ಕೇಳಿ ಕುಟುಂಬ ಗುರುತಿಸುತ್ತೇವೆ. ಪ್ರೊಫೆಸರ್‌ಗಳಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ.

ಸರಿ, ಇವರೆಲ್ಲ ಊರಿಗೆ ಬರುವುದು ಯಾವಾಗ? ಹೊರಗಿನವರು ಯುಗಾದಿ ಅಂತ ಊಹಿಸುತ್ತಾರೆ. ಯುಗಾದಿಗೂ ಬರುತ್ತಾರೆ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೂ ಬರುತ್ತಾರೆ. ಆದರೆ ಸುರಪುರ, ಶಹಾಪುರ ಕಡೆಯ ಎಷ್ಟೋ ಊರುಗಳಲ್ಲಿ ಓಣಿ ತುಂಬುವುದು ಮೊಹರಂಗೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಅಲಾಯಿ ದೇವರು, ಅಂದರೆ ಮೊಹರಂನ ಪೀರಗಳು, ಕೂರುತ್ತವೆ. ಕಬ್ಬಲಿಗರು, ಕುರುಬರು, ನಾಯಕರು ಪೀರ ಹೊರುತ್ತಾರೆ. ಮಕ್ಕಳನ್ನು ಫಕೀರ ಮಾಡಿಸುವ, ಸಕ್ಕರೆ ಓದಿಸುವ ಹರಕೆ ಇರುತ್ತೆ. ಮೇಸ್ತ್ರಿ ರಜೆ ಕೊಡದಿದ್ದರೂ ಹರಕೆ ಕೇಳಬೇಕಲ್ಲ!

ಇಲ್ಲೇ ಒಂದು ಸೂಕ್ಷ್ಮ ಇದೆ. ಮೊಹರಂ ಚಂದ್ರನ ಲೆಕ್ಕದ ಹಬ್ಬ. ಆ ವರ್ಷಕ್ಕೆ ಸುಮಾರು 354 ದಿನ. ಅದಕ್ಕೇ ಹಬ್ಬ ಪ್ರತಿ ವರ್ಷ ಹತ್ತರಿಂದ ಹನ್ನೆರಡು ದಿನ ಮುಂಚೆ ಬರುತ್ತೆ. ಕಡೇ ದಿನ 2022ರಲ್ಲಿ ಆಗಸ್ಟ್ 9, 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಈಗ ಯೋಜನೆಯಲ್ಲಿ 'ಪ್ರತಿ ವರ್ಷ ಆಗಸ್ಟ್ ಎರಡನೇ ವಾರ ಅದೇ ಮನೆಗಳಿಗೆ ಭೇಟಿ' ಅಂತ ಬರೆದಿದ್ದರೆ ಏನಾಗುತ್ತೆ ನೋಡಿ. ಮೊದಲ ಸುತ್ತಿನಲ್ಲಿ ಜನ ಸಿಗುತ್ತಾರೆ, ನಾಲ್ಕನೆಯದರಲ್ಲಿ ಬೀಗ. ವರದಿಯಲ್ಲಿ 'ವಲಸೆ ಏರಿದೆ' ಅಂತ ಗ್ರಾಫ್ ಬರುತ್ತೆ. ನಿಜಕ್ಕೂ ಸರಿದದ್ದು ಹಬ್ಬದ ತಾರೀಖು. ಹಾಗಾಗಿ ನಾವು ತಾರೀಖು ಬಿಟ್ಟು ಹಬ್ಬದಿಂದ ದಿನ ಎಣಿಸುತ್ತೇವೆ. ದೇವರು ಹೊಳೆಗೆ ಹೋದ ಮೇಲೆ ಎರಡು ದಿನ ಸುಮ್ನೆ ಬಿಟ್ಟು ಆಮೇಲೆ ಕೆಲಸ ಶುರು. ಕತ್ತಲ ರಾತ್ರಿಯ (ಹಬ್ಬದ ಕಡೇ ದಿನದ ಹಿಂದಿನ ರಾತ್ರಿ) ಮರುದಿನ ಬೆಳಿಗ್ಗೆ ಪ್ರಶ್ನೆಪಟ್ಟಿ ಹಿಡಿದು ಹೋದರೆ ಉತ್ತರ ಬರುವುದಿಲ್ಲ, ಬೈಗುಳ ಬರುತ್ತೆ.

ಹಬ್ಬಕ್ಕೂ ಬಾರದವರು ಇರುತ್ತಾರೆ. ಮುಂಗಡ ತೀರದವರು, ಹೊಸದಾಗಿ ಕೆಲಸಕ್ಕೆ ಹತ್ತಿದವರು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಫಾರಂ ಇವರದೇ. ಬಂದವರ ಹತ್ತಿರ ಇವರ ಫೋನ್ ನಂಬರ್ ಸಿಗುತ್ತೆ. ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಬೇಕು, ಮೇಸ್ತ್ರಿ ಎದುರಿಗೆ ಇರುವಾಗ ಬೇಡ.

ಲಂಬಾಣಿಗಳ ತಾಂಡಾಗಳಿಗೆ ಬೇರೆಯೇ ಕ್ಯಾಲೆಂಡರ್ ಬೇಕು. ಅಲ್ಲಿ ಜನ ಸೇರುವುದು ಹೋಳಿಗೆ, ದೀಪಾವಳಿಗೆ. ಜಾತಿಯ ಕಾಲಂ ತುಂಬುವಾಗಲೂ ಅಲ್ಲಿ ಹುಷಾರಾಗಿರಬೇಕು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗುರುಮಠಕಲ್ ಕಡೆ ಅಣ್ಣ ಒಂದು ಪಟ್ಟಿಯಲ್ಲಿ, ಗಡಿಯಾಚೆ ಮದುವೆಯಾದ ತಂಗಿಯ ಮನೆ ಇನ್ನೊಂದು ಪಟ್ಟಿಯಲ್ಲಿ. ಪುಣೆಗೆ ದುಡಿಯಲು ಹೋಗಿ ಅಲ್ಲೇ ಉಳಿದವನಿಗೆ ಇಲ್ಲಿನ ಜಾತಿ ಪ್ರಮಾಣಪತ್ರದ ಮೇಲೆ ಅಲ್ಲಿನ ಮೀಸಲಾತಿ ಸಿಗುವುದಿಲ್ಲ. 'ಪರಿಶಿಷ್ಟ ಜಾತಿ' ಅಂತ ಒಂದು ಟಿಕ್ ಹಾಕಿ ಮುಂದೆ ಹೋದರೆ ಇದೆಲ್ಲ ಕಾಣುವುದೇ ಇಲ್ಲ.

ಧರ್ಮದ ಕಾಲಂ ಇನ್ನೂ ಮೊಂಡು. ಪೀರ ಹೊತ್ತವನೂ ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವವನೂ 'ಹಿಂದೂ' ಅಂತ ಬರೆಸುತ್ತಾನೆ, ಅದು ಸರಿಯೇ. ಆದರೆ ತಿಂಥಣಿಗೆ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಊರಲ್ಲಿ ದೇವರು ಹಂಚಿಕೊಂಡ ಇಬ್ಬರು ಒಂದೇ ಬಸ್ ಹತ್ತಿ ಹೋದರೂ ನಗರದಲ್ಲಿ ಬಾಡಿಗೆ ಮನೆ ಕೇಳುವಾಗ ಹೆಸರು ನೋಡಿ ಉತ್ತರ ಬದಲಾಗುತ್ತೆ ಅಂತ ಹೇಳುವವರು ಬಹಳ. ಅದಕ್ಕೇ 'ಯಾವ ಧರ್ಮ' ಅನ್ನುವುದರ ಜೊತೆಗೆ 'ಹರಕೆ ಎಲ್ಲಿಗೆ', 'ಯಾರ ಜೊತೆ ಹೋದಿರಿ', 'ರೂಮು ಯಾರು ಕೊಡಿಸಿದರು' ಅಂತಲೂ ಕೇಳಿಸುತ್ತೇನೆ.

ಬೀದರ್ ಕಡೆ ಹೋದಾಗ ಧರ್ಮದ ಪ್ರಶ್ನೆಯನ್ನು ಕಡೆಗೆ ಇಡಿ, ಒತ್ತಾಯ ಮಾಡಬೇಡಿ. ಚರ್ಚಿಗೆ ಹೋಗುವ ದಲಿತ ಮನೆಗಳು ಅಲ್ಲಿ ಇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಿಗೆ, ಮುಸ್ಲಿಮರಿಗೆ ಇಲ್ಲ. ನಮ್ಮ ಟ್ಯಾಬಿನಲ್ಲಿ ಬಿದ್ದ ಒಂದು ಉತ್ತರ ಮಗಳ ಸ್ಕಾಲರ್‌ಶಿಪ್‌ಗೆ ಕುತ್ತು ತಂದೀತು ಅಂತ ಅಂಥ ಮನೆಯ ತಾಯಿ ಹೆದರಿದರೆ ಅದಕ್ಕೆ ಕಾರಣ ಇದೆ. ಆ ಕಾಲಂ ಖಾಲಿ ಬಿಟ್ಟು ಬನ್ನಿ, ನಾನು ಪ್ರೊಫೆಸರ್‌ಗೆ ಹೇಳಿಕೊಳ್ಳುತ್ತೇನೆ.