ಸಾಕೆಟ್ ಅಂದ್ರ ಪ್ಲಗ್ ಹಾಕೂದಲ್ರೀ?

“ಸರ, ಸಾಕೆಟ್ ಅಂದ್ರ ಪ್ಲಗ್ ಹಾಕೂದಲ್ರೀ?”

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಹುಡುಗ ಕೇಳಿದ್ದು. ಇವತ್ತು ಶುಕ್ರವಾರ. ಇನ್ನೂ ಕಿವಿಯಿಂದ ಇಳಿದಿಲ್ಲ.

ಲೋಕಾಪುರದ ಕಡೆ ಒಂದು ಸುಣ್ಣದಕಲ್ಲಿನ ಗಣಿ. ಹೊಸದಾಗಿ ಕೆಲಸಕ್ಕೆ ಸೇರಿದ ಹತ್ತೊಂಬತ್ತು ಹುಡುಗರು. ಎಲ್ಲರ ತಲೆ ಮೇಲೂ ಹೊಸ ಹಳದಿ ಹೆಲ್ಮೆಟ್ಟು, ಕೆಲವರದರ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ತಗಡಿನ ಶೆಡ್ಡು, ಎರಡು ಫ್ಯಾನು, ಅದರಲ್ಲಿ ಒಂದು ತಿರುಗುತ್ತಿತ್ತು. ಗಣಿಗೆ ಹೊಸಬರು ಬಂದರೆ ತರಬೇತಿ ಕೊಡಲೇಬೇಕು, 1966ರಿಂದ ಅದಕ್ಕೆಂದೇ ನಿಯಮ ಇದೆ. ನಾನು ಬಾಗಲಕೋಟೆಯಲ್ಲಿ ಕನ್ನಡ ಪಾಠ ಮಾಡುವವನು. ನನಗಲ್ಲಿ ಏನು ಕೆಲಸ ಅಂದರೆ, ಅವರು ಹಂಚಿದ ಹದಿನಾಲ್ಕು ಪುಟದ ಕನ್ನಡ ಪುಸ್ತಿಕೆ ನಾನು ತಿದ್ದಿದ್ದು. “ಬಂದು ಒಂದು ಗಂಟೆ ಪದಗಳ ಬಗ್ಗೆ ಮಾತಾಡಿ” ಅಂದರು. ಹೋದೆ. ಸುಮ್ನೆ ಹೇಳಬೇಕೆಂದರೆ, ಜಂಬದಿಂದಲೇ ಹೋದೆ.

ಜಂಬಕ್ಕೆ ಕಾರಣ ಇತ್ತು. ನನ್ನ ಕೈಗೆ ಬಂದ ಮೊದಲ ಪ್ರತಿಯನ್ನು ಯಾರೋ ಕಂಪ್ಯೂಟರಿಗೆ ಹಾಕಿ ಕನ್ನಡ ಮಾಡಿಸಿದ್ದರು. “ಪದರದ ಮುಷ್ಕರವನ್ನು ದಿಕ್ಸೂಚಿಯಿಂದ ಅಳೆಯಿರಿ” ಅಂತ ಇತ್ತು. ಸ್ಟ್ರೈಕ್ ಹೋಗಿ ಮುಷ್ಕರ ಆಗಿತ್ತು. “ಬೆಂಚಿನ ಕಾಲ್ಬೆರಳಿನ ಬಳಿ ನಿಲ್ಲಬೇಡಿ.” ಗಣಿಯಲ್ಲಿ ಬೆಂಚ್ ಅಂದರೆ ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಜಾಗ, ಟೋ ಅಂದರೆ ಆ ಮೆಟ್ಟಿಲಿನ ಬುಡ. ಅದಿರಿನ ಜೊತೆ ಬರುವ ಬೇಡದ ಕಲ್ಲಿಗೆ ಇಂಗ್ಲಿಷಿನಲ್ಲಿ ‘ಗ್ಯಾಂಗ್’ ಅಂತಾರೆ. ಅದು ‘ಗುಂಪು’ ಆಗಿ, “ಗುಂಪನ್ನು ಅದಿರಿನಿಂದ ಚದುರಿಸಬೇಕು” ಅಂತ ಪೊಲೀಸ್ ಭಾಷೆಯಲ್ಲಿ ಬಂದಿತ್ತು. ನಾನು ರಾತ್ರಿ ಕೂತು ನಕ್ಕೂ ನಕ್ಕೂ ತಿದ್ದಿದೆ. ಹೆಂಡತಿಗೂ ಓದಿ ಹೇಳಿ ನಗಿಸಿದೆ. ಮಿಸ್‌ಫೈರ್ ‘ತಪ್ಪು ಬೆಂಕಿ’ ಆಗಿತ್ತು, ಅದನ್ನು ‘ಹಾರದ ಮದ್ದು’ ಮಾಡಿದೆ. ಓವರ್‌ಬರ್ಡನ್ ‘ಅತಿಯಾದ ಹೊರೆ’ ಆಗಿತ್ತು, ‘ಮೇಲ್ಮಣ್ಣು’ ಮಾಡಿದೆ. ಬೇಕಾದ ಕಲ್ಲಿನ ಮೇಲೆ ಕೂತಿರುವ ಎರೆಮಣ್ಣು, ಗರಸು, ಎಲ್ಲ ಅದೇ ತಾನೆ.

ಹದಿನಾಲ್ಕು ಪುಟದಲ್ಲಿ ಒಂದೇ ಒಂದು ಪದ ಮುಟ್ಟದೆ ಬಿಟ್ಟಿದ್ದೇನೆ ಅಂದುಕೊಂಡಿದ್ದೆ. “ಯಾವುದೇ ಸಾಕೆಟ್‌ನಲ್ಲಿ ಡ್ರಿಲ್ ಮಾಡಕೂಡದು.” ಸಾಕೆಟ್ ಎಲ್ಲರಿಗೂ ಗೊತ್ತಿರುವ ಪದ ಅಲ್ವಾ, ಅದನ್ನೇನು ಕನ್ನಡ ಮಾಡೋದು ಅಂತ.

ಹುಡುಗ ಎದ್ದು ನಿಂತು ಕೇಳಿದ್ದು ಅದನ್ನೇ. ಮುಧೋಳ ಕಡೆಯವನು, ಐ.ಟಿ.ಐ. ಮಾಡಿದವನಂತೆ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಶೆಡ್ಡೆಲ್ಲ ಗೊಳ್ ಅಂತು. ಎಲ್ಲರಿಗಿಂತ ಜೋರಾಗಿ ನಕ್ಕವರು ಆಫೀಸಿನಿಂದ ಬಂದಿದ್ದ ಒಬ್ಬ ಸಾಹೇಬರು. ಅವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಚಹಾ ತಂದ ಹುಡುಗನಿಗೆ ಏಕವಚನ, ಎಂಜಿನಿಯರಿಗೆ ಬಹುವಚನ, ನನಗೆ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ.

ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಕ್ಕೆ. ನಗುತ್ತಲೇ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಯಾಕೆಂದರೆ ನಾನು ಕೂಡ ಅದನ್ನು ಪ್ಲಗ್ ಹಾಕೋ ಸಾಕೆಟ್ ಅಂತಲೇ ತಿಳಿದಿದ್ದೆ. ಕರೆಂಟ್ ಇರೋ ಗೋಡೆಗೆ ಡ್ರಿಲ್ ಹಾಕಬಾರದು, ಸರಿಯಾಗಿಯೇ ಇದೆ ಅಂದುಕೊಂಡು ಮುಂದಿನ ಸಾಲಿಗೆ ಹೋಗಿದ್ದೆ.

ನಗದೆ ಇದ್ದವರು ಒಬ್ಬರೇ, ಮೂಲೆಯಲ್ಲಿ ಕೂತಿದ್ದ ಮೇಸ್ತ್ರಿ. ಎಲ್ಲರೂ ಅವರನ್ನು ಕಾಕಾ ಅಂತಾರೆ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ವರ್ಷಗಟ್ಟಲೆ ಡ್ರಿಲ್ ಹಿಡಿದು ಹಿಡಿದು ಬಲಗಿವಿ ಮಂದ. ಅವರು ಎಡಗಿವಿಗೆ ಕೈ ಇಟ್ಟು ಕೇಳಿದರು, “ಏನಂದಿ ತಮ್ಮಾ?”

ಹುಡುಗ ತಲೆ ತಗ್ಗಿಸಿದ. “ಏನಿಲ್ರೀ ಕಾಕಾ.”

“ಏನೋ ಅಂದೆಲಾ. ಜೋರಾಗಿ ಹೇಳ.”

ಅವನು ಮತ್ತೆ ಹೇಳಬೇಕಾಯಿತು. “ಸಾಕೆಟ್ ಅಂದ್ರ ಪ್ಲಗ್ ಹಾಕೂದಲ್ರೀ ಅಂದೆ.” ಈ ಸಲ ನಗು ಅರ್ಧ ಆಗಿತ್ತು. ಕಾಕಾಗೆ ಅದೂ ಸರಿಯಾಗಿ ಕೇಳಲಿಲ್ಲವೋ ಏನೋ, ಮೂರನೇ ಸಲ ಹೇಳಿಸಿದರು. ಆಗ ಯಾರೂ ನಗಲಿಲ್ಲ. ನಿಜವಾಗಲೂ ಕೇಳಿಸಲಿಲ್ಲವಾ, ಬೇಕಂತಲೇ ಹೇಳಿಸಿದರಾ? ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಹೊಟ್ಟೆಕಿಚ್ಚು ಬರುವಷ್ಟು ಚೆನ್ನಾಗಿತ್ತು ಅದು.

“ಬರ್ರಿ ಎಲ್ಲಾರೂ” ಅಂತ ಎದ್ದು ಹೊರಟೇಬಿಟ್ಟರು. ಎಂಜಿನಿಯರ್ ಮಂಗಳೂರು ಕಡೆಯವರು, ಒಳ್ಳೆ ಮನುಷ್ಯ, ಆದರೆ ಸ್ಲೈಡುಗಳನ್ನು ಬಸ್ಸಿಗೆ ಹೊತ್ತಾದವರ ಹಾಗೆ ಓಡಿಸುತ್ತಾರೆ. “ಇನ್ನೂ ಇಪ್ಪತ್ತೆರಡು ಸ್ಲೈಡ್ ಉಂಟಲ್ಲ ಮಾರಾಯ್ರೆ” ಅನ್ನುತ್ತಾ ಅವರೂ ಹಿಂದೆ ಬಂದರು.

ಹಿಂದಿನ ವಾರ ಬ್ಲಾಸ್ಟ್ ಮಾಡಿ ಕಲ್ಲು ಸಾಗಿಸಿದ ಜಾಗ. ಎದುರಿನ ಗೋಡೆಯ ಮೇಲೆ ಪೈಪನ್ನು ಉದ್ದಕ್ಕೆ ಸೀಳಿದ ಹಾಗೆ ಅರ್ಧ ಅರ್ಧ ಕೊಳವೆಯ ಗುರುತು. ಮದ್ದು ತುಂಬಲು ಕೊರೆದಿದ್ದ ಕುಳಿಗಳವು. ಕಾಕಾ ನೆಲದ ಮೇಲೆ ಸುಣ್ಣದಿಂದ ಸುತ್ತು ಹಾಕಿದ್ದ ಒಂದು ತೂತಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಒಂದು ಬಳೆಯಷ್ಟು ಅಗಲ ಇತ್ತು ಅಷ್ಟೇ. ಕೋಲನ್ನು ಅದರೊಳಗೆ ಹಾಕಲಿಲ್ಲ. ಗೇಣು ದೂರದಲ್ಲಿ ಹಿಡಿದು ಸುತ್ತ ಮತ್ತೊಂದು ಗೆರೆ ಎಳೆದರು.

“ಕುಳಿ ಪೂರ್ತಿ ಹಾರಿಲ್ಲ. ಬುಡ ಉಳದೈತಿ. ಇದಕ್ಕ ಇವರು ಸಾಕೆಟ್ ಅಂತಾರ. ಇದರಾಗ ಮದ್ದು ಉಳದಿರಬಹುದು, ಉಳೀದೇನೂ ಇರಬಹುದು. ಮ್ಯಾಲಿಂದ ನೋಡಿದ್ರ ತಿಳಿಯೂದುಲ್ಲ.”

ಆಮೇಲೆ ಹುಡುಗನ ಕಡೆ ತಿರುಗಿ ಕೇಳಿದರು. “ನಾಳೆ ನಿನ್ನ ಕೈಯಾಗ ಡ್ರಿಲ್ ಕೊಟ್ರ, ಸಪಾಟ ಕಲ್ಲಿನ ಮ್ಯಾಲೆ ಬಿಟ್ಟು ನಿಲ್ತೈತೇನು?”

“ಜಾರ್ತೈತ್ರೀ.”

“ಹೌದಲ? ಇಲ್ಲಿ ಆಗಲೇ ತೂತು ಐತಿ. ಇದರಾಗ ಇಟ್ರ ಜಾರೂದುಲ್ಲ. ಅರ್ಧ ಕೆಲಸ ಮುಗದಂಗ ಅನಸ್ತೈತಿ. ಅಲ್ಲೇ ಸಾಯ್ತಾರ ಮಂದಿ.”

ನಿಯಮ ಪುಸ್ತಿಕೆಯಲ್ಲಿ ಇತ್ತು. ಯಾಕೆ ಅನ್ನೋದು ಇರಲಿಲ್ಲ. ಸುಸ್ತಾದವನಿಗೆ ಆ ತೂತು ಎಷ್ಟು ಅನುಕೂಲವಾಗಿ ಕಾಣುತ್ತದೆ ಅನ್ನೋದಂತೂ ಯಾವ ಭಾಷೆಯ ಪ್ರತಿಯಲ್ಲೂ ಇರಲಿಲ್ಲ. ಉಳಿದ ಮದ್ದಿಗೆ ಡ್ರಿಲ್ಲಿನ ಪೆಟ್ಟು, ಬಿಸಿ ತಾಗಿದರೆ ಸಾಕು. ಎಂಜಿನಿಯರ್ ಮೆಲ್ಲಗೆ ಹೇಳಿದರು, ಇದನ್ನು ಆಗಲೇ ಪರೀಕ್ಷೆ ಮಾಡಿ ಆಗಿದೆ, ಹೆದರಬೇಡಿ ಅಂತ. ನಾನು ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನೋಡಿದ್ದರು ಅನಿಸುತ್ತೆ.

ಮಧ್ಯಾಹ್ನ ಊಟಕ್ಕೆ ಬುತ್ತಿ ಬಿಚ್ಚಿದಾಗ ನನ್ನ ಮಾನ ಸ್ವಲ್ಪ ಉಳಿಯಿತು. ಖಡಕ್ ರೊಟ್ಟಿ ಇತ್ತಲ್ಲ, ಅದನ್ನೇ ಹಿಡಿದು ಕೂತೆ. ರೊಟ್ಟಿ ಬಿರುಕು ಬಿಟ್ಟು, ಎರಡೂ ತುಂಡು ಇದ್ದಲ್ಲೇ ಇದ್ದರೆ ಅದು ಜಾಯಿಂಟ್. ಒಂದು ತುಂಡು ಬಿರುಕಿನ ಗುಂಟ ಜಾರಿ ಮೇಲೋ ಕೆಳಗೋ ಪಕ್ಕಕ್ಕೋ ಹೋದರೆ ಅದು ಫಾಲ್ಟ್. ಪಠ್ಯಪುಸ್ತಕದಲ್ಲಿ ‘ಸ್ತರಭಂಗ’ ಅಂತಾರೆ, ಹೇಳೋಕೇ ಹಲ್ಲು ಗಟ್ಟಿ ಇರಬೇಕು. ಬಿಸಿ ಬಿಸಿ ಮೆತ್ತನೆ ರೊಟ್ಟಿ ಒತ್ತಿದರೆ ಮುರಿಯಲ್ಲ, ಮಡಚಿಕೊಳ್ಳುತ್ತದೆ. ಅದು ಫೋಲ್ಡ್. ಕಲ್ಲೂ ಹಾಗೆಯೇ. ಆಳದಲ್ಲಿ, ಬಿಸಿಯಲ್ಲಿ, ನಿಧಾನಕ್ಕೆ ಒತ್ತಿದರೆ ಮಡಚುತ್ತದೆ. ಮೇಲೆ, ತಣ್ಣಗಿದ್ದಾಗ ಒತ್ತಿದರೆ ಒಡೆಯುತ್ತದೆ.

ಹುಡುಗರಿಗೆ ಇದು ಹಿಡಿಸಿತು. ಒಬ್ಬ ತನ್ನ ರೊಟ್ಟಿ ಕಟ್ಟನ್ನೇ ಓರೆಯಾಗಿ ನಿಲ್ಲಿಸಿದ. ಅದಕ್ಕೆ ಬಾದಾಮಿಯ ಕಥೆ ಹೇಳಿದೆ. ಈ ಕಟ್ಟನ್ನು ಹೀಗೆ ವಾಲಿಸಿ, ಮೇಲ್ಭಾಗ ಚಾಕುವಿನಿಂದ ಸಮ ಮಾಡಿ, ಅದರ ಮೇಲೆ ಹೊಸ ರೊಟ್ಟಿಗಳನ್ನು ಮಟ್ಟಸವಾಗಿ ಹಾಸಿದರೆ ಹೇಗೆ? ಬಾಗಲಕೋಟೆ, ಲೋಕಾಪುರದ ಹಳೆ ಪದರಗಳು ಮಡಚಿಕೊಂಡು ವಾಲಿವೆ. ಅವು ಸವೆದು ಎಷ್ಟೋ ಕಾಲ ಆದಮೇಲೆ ಬಾದಾಮಿಯ ಮರಳುಗಲ್ಲು ಮೇಲೆ ಬಂದು ಹೆಚ್ಚು ಕಡಿಮೆ ಮಟ್ಟಸವಾಗಿ ಕೂತಿದೆ. ನಡುವಿನ ಗೆರೆಗೆ ಅನ್‌ಕನ್‌ಫರ್ಮಿಟಿ ಅಂತಾರೆ. ಅದು ಬರೀ ಗೆರೆ ಅಲ್ಲ, ಕಳೆದುಹೋದ ಕಾಲ. ಅಲ್ಲಿಂದ ಹರಿದುಹೋದ ಪುಟಗಳಿಗೆ ಲೆಕ್ಕ ಇಲ್ಲ. ಚಾಲುಕ್ಯರು 578ರಲ್ಲಿ ಮೂರನೇ ಗುಹೆಯ ಶಾಸನ ಹಾಕಿಸಿದ್ದನ್ನು ನಾವು ಹಳೆಯದು ಅಂತೀವಿ. ಆ ಕಲ್ಲಿಗೆ ಅದು ಇವತ್ತು ಬೆಳಗಿನ ಮಾತು.

ಈ ಎರಡೂ ಕಲ್ಲುಗಳಿಗೆ ಒಟ್ಟಾಗಿ ಕಲಾದಗಿ ಅಂತಲೇ ಹೆಸರು. ಇಟ್ಟವನು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1870ರ ದಶಕದಲ್ಲಿ. ಆಗ ಕಲಾದಗಿ ಜಿಲ್ಲಾ ಕೇಂದ್ರ. 1885ರಲ್ಲಿ ಕಚೇರಿ ವಿಜಯಪುರಕ್ಕೆ ಹೋಯಿತು. ಈಗ ಕಲಾದಗಿ ಅಂದರೆ ಎಲ್ಲರಿಗೂ ಚಿಕ್ಕು, ದಾಳಿಂಬೆ ನೆನಪಾಗುತ್ತದೆ. ಕಲ್ಲಿನವರ ಪುಸ್ತಕದಲ್ಲಿ ಮಾತ್ರ ಆ ಊರು ಇನ್ನೂ ಜಿಲ್ಲೆಗಿಂತ ದೊಡ್ಡದು.

ಮೂವತ್ತು ವರ್ಷದ ಅಭ್ಯಾಸ, ಮಾತು ಶುರುವಾದರೆ ನಿಲ್ಲಲ್ಲ. ಅದಿರಿಗೂ ಖನಿಜಕ್ಕೂ ಏನು ವ್ಯತ್ಯಾಸ ಅಂತ ಹೇಳಿದೆ. ತೆಗೆಯೋ ಖರ್ಚಿಗಿಂತ ಬರೋ ದುಡ್ಡು ಜಾಸ್ತಿ ಇದ್ದರೆ ಅದಿರು, ಇಲ್ಲದಿದ್ದರೆ ಬರೀ ಕಲ್ಲು. ರೇಟು ಬಿದ್ದರೆ ಇವತ್ತಿನ ಅದಿರು ನಾಳೆ ಕಲ್ಲಾಗಬಹುದು. “ನಮ್ಮ ಉಳ್ಳಾಗಡ್ಡಿ ಇದ್ದಂಗ” ಅಂದ ಒಬ್ಬ. ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಸ್ಟ್ರೈಕು, ಡಿಪ್ಪು ಮಾತ್ರ ಯಾರ ತಲೆಗೂ ಹೋಗಲಿಲ್ಲ. ‘ಪದರದ ದಿಕ್ಕು’, ‘ಪದರದ ವಾಲು’ ಅಂತ ನಾನು ಅಷ್ಟು ಚಂದ ಕನ್ನಡ ಮಾಡಿದ್ದೆ. ಹುಡುಗರು ತಲೆ ಆಡಿಸಿದರು. ಪಾಠ ಮಾಡುವವರಿಗೆ ಗೊತ್ತಿರುತ್ತದೆ, ಆ ತಲೆ ಆಡಿಸುವುದರ ಅರ್ಥ.

ಕಾಕಾ ಕೈ ತೊಳೆಯಲು ಎದ್ದವರು ನೀರಿನ ಬಾಟಲಿ ಹಿಡಿದುಕೊಂಡೇ ಒಂದು ವಾಲಿದ ಹಾಸುಗಲ್ಲಿನ ಹತ್ತಿರ ಹೋದರು. ಬೂದು ಬಣ್ಣದ ಸುಣ್ಣದಕಲ್ಲು, ಮೇಲೆ ಸಣ್ಣ ಧೂಳು. ಮೇಲಿನ ತುದಿಯಲ್ಲಿ ಒಂದು ಗುಟುಕಿನಷ್ಟು ನೀರು ಬಿಟ್ಟರು. ನೀರು ಒಂದು ಕ್ಷಣ ಗುಂಡಗೆ ನಿಂತಿತು, ಧೂಳು ಮೆತ್ತಿಕೊಂಡಿತು, ಆಮೇಲೆ ಕಪ್ಪು ಗೆರೆ ಎಳೆಯುತ್ತಾ ಸೀದಾ ಕೆಳಗೆ ಓಡಿತು. “ಎತ್ತಾಗ ಹರೀತು? ಅದು ಡಿಪ್ಪು.” ಆ ಕಲ್ಲಿನ ಬುಡದಲ್ಲಿ ಹಿಂದಿನ ದಿನದ ಮಳೆ ನೀರು ಹೊಂಡವಾಗಿ ನಿಂತಿತ್ತು. ನೀರು ಕಲ್ಲಿಗೆ ತಾಗುವ ಅಂಚಿನ ಗುಂಟ ಬೆರಳು ಎಳೆದರು. “ಈ ದಂಡಿ ಎತ್ತಾಗಿಂದ ಎತ್ತಾಗ ಹೊಂಟೈತಿ? ಅದು ಸ್ಟ್ರೈಕು.” ಅಷ್ಟೇ. ಎಂಜಿನಿಯರ್ ದಿಕ್ಸೂಚಿ ತೆಗೆದು ಆ ದಂಡೆಗೆ ಹಿಡಿದರು, ಹುಡುಗರು ಮುತ್ತಿಕೊಂಡರು.

ಪ್ಲಗ್ಗಿನ ಹುಡುಗ ಮಾತ್ರ ಸ್ವಲ್ಪ ದೂರ ನಿಂತಿದ್ದ. ನಾನು ಹತ್ತಿರ ಹೋಗಿ, “ನೀನು ಕೇಳಿದ್ದು ಚಲೋ ಆತಪ್ಪ” ಅಂದೆ. ಅವನು “ಹ್ಞೂಂರೀ ಸರ” ಅಂದ. ನನಗೂ ಗೊತ್ತಿರಲಿಲ್ಲ ಅಂತ ಹೇಳಬೇಕಿತ್ತು. ಬಾಯಿವರೆಗೂ ಬಂತು. ಆಫೀಸಿನ ಸಾಹೇಬರು ಪಕ್ಕದಲ್ಲೇ ಇದ್ದರು, ನುಂಗಿಕೊಂಡೆ. ಇಲ್ಲಿ ಬರೆಯೋದು ಸುಲಭ, ಅಲ್ಲಿ ಆಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಸ್ತಿಕೆ ಮತ್ತೆ ಓದಿದೆ. ಈ ಸಲ ಅವನ ಕಣ್ಣಿನಿಂದ. ‘ಫೇಸ್’, ಅಂದರೆ ಕಲ್ಲು ಕಡಿಯುವ ಎದುರಿನ ಗೋಡೆ, ಅದನ್ನೂ ಎರಡು ಕಡೆ ಹಾಗೇ ಬಿಟ್ಟಿದ್ದೆ. ‘ಹ್ಯಾಂಗಿಂಗ್ ವಾಲ್’ಗೆ ‘ತೂಗುಗೋಡೆ’ ಅಂತ ಬರೆದು ಬೆನ್ನು ತಟ್ಟಿಕೊಂಡಿದ್ದೆ. ಓರೆಯಾಗಿ ಇಳಿದ ಅದಿರಿನ ಪಟ್ಟಿಯೊಳಗೆ ನಿಂತವನಿಗೆ ತಲೆ ಮೇಲಿರೋ ಕಲ್ಲು ಅದು. ಕಾಲ ಕೆಳಗಿನದು ಫುಟ್‌ವಾಲ್. ‘ತಲೆಗೋಡೆ’, ‘ಕಾಲುಗೋಡೆ’ ಅಂದಿದ್ದರೆ ಮುಗಿಯುತ್ತಿತ್ತು. ತೂಗುಗೋಡೆ ಅಂತೆ! ತೊಟ್ಟಿಲೇನು ಅದು? ಕಂಪ್ಯೂಟರ್ ಸ್ಟ್ರೈಕನ್ನು ಮುಷ್ಕರ ಮಾಡಿದ್ದಕ್ಕೆ ಮನೆಮಂದಿಯನ್ನೆಲ್ಲ ಕರೆದು ನಗಿಸಿದ್ದೆನಲ್ಲ. ಅದು ತಪ್ಪು ಮಾಡಿದರೆ ಎದ್ದು ಕಾಣುತ್ತಿತ್ತು, ಯಾರೂ ನಂಬುತ್ತಿರಲಿಲ್ಲ. ನಾನು ಬಿಟ್ಟ ಸಾಕೆಟ್ ನೀಟಾಗಿ ಕೂತಿತ್ತು. ಆ ಹುಡುಗ ಕೇಳದಿದ್ದರೆ ಎಲ್ಲರೂ ಅರ್ಥ ಆಯಿತು ಅಂದುಕೊಂಡೇ ಮನೆಗೆ ಹೋಗುತ್ತಿದ್ದರು, ನನ್ನನ್ನೂ ಸೇರಿಸಿ.

ರಾತ್ರಿ ಆ ಸಾಲನ್ನು ಹೊಸದಾಗಿ ಬರೆದೆ. “ಹಾರಿದ ಕುಳಿಯ ಬುಡ ಉಳಿದಿದ್ದರೆ (ಇದಕ್ಕೆ ಸಾಕೆಟ್ ಅಂತಾರೆ) ಅದರಲ್ಲಿ ಮದ್ದು ಇರಬಹುದು. ಕೊರೆಯಲು ಸುಲಭ ಅನಿಸಿದರೂ ಅದರೊಳಗೆ ಡ್ರಿಲ್ ಇಡಬೇಡ. ಸುತ್ತ ಗುರುತು ಮಾಡಿ ಮೇಸ್ತ್ರಿಯನ್ನು ಕರೆ.” ಗಣಿಯಲ್ಲಿ ಹಾಕುವ ಬೋರ್ಡಿಗೂ ಇದೇ ಇರಲಿ ಅಂತ ಕಳಿಸಿದೆ.

ನಿನ್ನೆ ಆಫೀಸಿನ ಸಾಹೇಬರ ಫೋನು. “ಸರ್, ಸಾಲು ಉದ್ದ ಆಯ್ತು. ಮೊದಲಿಂದು ಒಂದೇ ಲೈನ್ ಇತ್ತು. ಇದು ಬೋರ್ಡಿಗೆ ಹಿಡಿಯಲ್ಲ.”

“ಬೋರ್ಡು ದೊಡ್ಡದು ಮಾಡಿಸ್ರಿ” ಅಂದೆ.