ಎಲ್ಟ್ಸ್ ಕೋಟೆಗೆ ಹೊರಟವರು ಕೋಖೆಮ್‌ನಲ್ಲಿ ಮೋಸ ಹೋಗಬೇಡಿ

ಜರ್ಮನಿಯ ಮೊಸೆಲ್ ಕಣಿವೆಗೆ ಕೋಟೆ ನೋಡಲು ಹೋದವರಲ್ಲಿ ಹೆಚ್ಚಿನವರು ಇಳಿಯುವುದು ಕೋಖೆಮ್‌ನಲ್ಲಿ. ದ್ರಾಕ್ಷಿತೋಟದ ಗುಡ್ಡದ ಮೇಲೆ ಕಾಣುವ ಗೋಪುರಗಳು ಸೊಗಸಾಗೇ ಇವೆ. ಆದರೆ ಅಸಲಿ ಕೋಟೆಯನ್ನು 1689ರಲ್ಲೇ ಫ್ರೆಂಚ್ ಸೇನೆ ಸಿಡಿಸಿ ಹಾಳುಗೆಡವಿತ್ತು. ಈಗ ದುಡ್ಡು ಕೊಟ್ಟು ನೋಡುವುದು, 1868ರಲ್ಲಿ ಆ ಹಾಳನ್ನು ಕೊಂಡ ಬರ್ಲಿನ್ ವ್ಯಾಪಾರಿ ಲೂಯಿ ರಾವೆನೆ ಬೇಸಿಗೆ ಕಳೆಯಲು ಕಟ್ಟಿಸಿದ ಮನೆಯನ್ನು. ಎಲ್ಲರೂ ಮುಗಿಬೀಳುವ ಬವೇರಿಯಾದ ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಪಾಯ ಹಾಕಿದ್ದೂ 1869ರಲ್ಲಿ. ಫೋಟೋ ಸಾಕು ಅನ್ನುವವರಿಗೆ ಎರಡೂ ಅಡ್ಡಿಯಿಲ್ಲ. ಮಧ್ಯಯುಗದ ಕೋಟೆಯೊಳಗೆ ಜನ ಹೇಗೆ ಬಾಳಿದರು ಅಂತ ತಿಳಿಯಬೇಕಾದರೆ ಎಲ್ಟ್ಸ್‌ಗೇ ಹೋಗಬೇಕು.

ಕೋಬ್ಲೆಂಟ್ಸ್‌ನಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಟ್ರಿಯರ್ ಕಡೆಗೆ ಹೋಗುವ, ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಆರ್‌ಬಿ ರೈಲು ಹತ್ತಿ ಮೊಸೆಲ್‌ಕೆರ್ನ್‌ನಲ್ಲಿ ಇಳಿಯಿರಿ, ಸುಮಾರು ಅರ್ಧ ಗಂಟೆಯ ದಾರಿ. ಅವಸರದಲ್ಲಿ ವೇಗದ ಆರ್‌ಇ ರೈಲು ಹತ್ತಿದರೆ ಅದು ಈ ಪುಟ್ಟ ನಿಲ್ದಾಣದಲ್ಲಿ ನಿಲ್ಲದೆ ದಾಟಿಹೋಗುತ್ತದೆ. ಮೂರ್ನಾಲ್ಕು ಮಂದಿ ಇದ್ದರೆ ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯದ ದಿನದ ಟಿಕೆಟ್ ಅಗ್ಗ. ಒಂದೇ ಟಿಕೆಟ್‌ನಲ್ಲಿ ಐವರವರೆಗೆ ಹೋಗಬಹುದು, ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 9ಕ್ಕೆ ಮುಂಚೆ ನಡೆಯುವುದಿಲ್ಲ.

ಮೊಸೆಲ್‌ಕೆರ್ನ್‌ನಿಂದ ಕೋಟೆಗೆ ಸುಮಾರು 5 ಕಿ.ಮೀ. ನಡಿಗೆ, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅರ್ಧ ದಾರಿ ಡಾಂಬರು, ಹಳೆಯ ಗಿರಣಿಯೊಂದನ್ನು ದಾಟಿದ ಮೇಲೆ ಎಲ್ಟ್ಸ್‌ಬಾಖ್ ಹೊಳೆಯ ಪಕ್ಕದ ಕಾಡುಹಾದಿ. ಬೇರು, ಕಲ್ಲು, ಮಳೆ ಬಂದರೆ ಕೆಸರು. ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಕೊನೆಗೆ ಮೆಟ್ಟಿಲು. ಕೋಟೆಗೆ ಹೋಗುವ ಬಸ್ಸನ್ನು ನಂಬಿ ಹೊರಡುವವರು ಮೊದಲು ವಾಪಸಾತಿ ವೇಳೆ ನೋಡಿಕೊಳ್ಳಲಿ. ಓಡಾಟ ಪ್ರವಾಸದ ಋತುವಿನಲ್ಲಿ ಮಾತ್ರ, ಅದೂ ದಿನಕ್ಕೆ ಕೆಲವೇ ಬಾರಿ. ಕೊನೆಯ ಬಸ್ ತಪ್ಪಿದರೆ ಕಾಲೇ ಗತಿ. ಚಳಿಗಾಲದಲ್ಲಿ ಕೋಟೆಯ ಬಾಗಿಲೇ ತೆರೆಯುವುದಿಲ್ಲ.

ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ಆದರೆ ದೊಡ್ಡ ರೈಲು ನಿಲ್ದಾಣದ ಬೇಕರಿ ತೆರೆದಿರುತ್ತದೆ. ಚೀಸ್ ಕರಗಿಸಿ ಸುಟ್ಟ ಬನ್ನು, ಬೆಣ್ಣೆ ಸವರಿದ, ಗಂಟು ಹಾಕಿದಂತಿರುವ ಬ್ರೆಟ್ಸೆಲ್, ಕುಂಬಳಬೀಜ ಮೆತ್ತಿದ ರೊಟ್ಟಿ, ಎಲ್ಲ ಆಗ ತಾನೇ ಒಲೆಯಿಂದ ಇಳಿದದ್ದು. ಸಸ್ಯಾಹಾರಿಗಳಿಗೆ ಇದಕ್ಕಿಂತ ಅಗ್ಗದ, ನೆಮ್ಮದಿಯ ಊಟ ಈ ಕಡೆ ಸಿಗದು. ಆಲೂಗಡ್ಡೆ ತುರಿದು ಕರಿದ ರೈಬೆಕೂಖನ್ ಅನ್ನು ಸೇಬಿನ ಗೊಜ್ಜಿನ ಜೊತೆ ಎಲ್ಲಿ ಕಂಡರೂ ಬಿಡಬೇಡಿ (ಮೊಟ್ಟೆ ಹಾಕಿರುತ್ತಾರೆ). ಆಲೂಗಡ್ಡೆ ಸೂಪು ಅಂದ ಮಾತ್ರಕ್ಕೆ ನಂಬಬೇಡಿ, ಅದರಲ್ಲಿ ಸಾಸೇಜೋ ಹಂದಿ ಕೊಬ್ಬೋ ತೇಲುತ್ತಿರಬಹುದು. ‘ಓನೆ ಫ್ಲೈಶ್, ಓನೆ ಶ್ಪೆಕ್’ (ಮಾಂಸ ಬೇಡ, ಹಂದಿ ಕೊಬ್ಬು ಬೇಡ) ಅಂತ ಎರಡನ್ನೂ ಹೇಳಿ. ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಗೆ ಹಿಂದಿರುಗಿಸಿದರೆ 25 ಸೆಂಟ್ ವಾಪಸ್ ಬರುತ್ತದೆ.

ಒಳಗೆ ಗೈಡ್ ಜೊತೆಗೇ ಹೋಗಬೇಕು, ಫೋಟೋ ತೆಗೆಯುವಂತಿಲ್ಲ. ಪ್ರವಾಸ ಮುಕ್ಕಾಲು ಗಂಟೆಯೊಳಗೆ ಮುಗಿಯುವುದರಿಂದ ಒಂದು ವಿಷಯ ಮೊದಲೇ ತಿಳಿದಿದ್ದರೆ ಒಳ್ಳೆಯದು. ಇದು ಒಬ್ಬ ರಾಜನ ಕೋಟೆಯಲ್ಲ, ಹಿಸ್ಸೆಯಾದ ಮನೆ. 1268ಕ್ಕೆ ಮುಂಚೆಯೇ ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡು, ಒಂದೇ ಬಂಡೆಯ ಮೇಲೆ ಒಂದೇ ಅಂಗಳದ ಸುತ್ತ ಬೇರೆ ಬೇರೆ ಮನೆ ಹೂಡಿದರು. ಜಾಗ ಸಾಲದೆ ಮನೆಗಳು ಮೇಲಕ್ಕೆ ಬೆಳೆದವು. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ಥೇಟ್ ವಠಾರ. ಸುಮಾರು 20 ಶೌಚಗೂಡುಗಳಿದ್ದವು, ಮಳೆನೀರಿನಿಂದ ತೊಳೆಯುತ್ತಿದ್ದರು. ಎಲ್ಲ ಮನೆತನದವರೂ ಸೇರುತ್ತಿದ್ದ ದೊಡ್ಡ ಹಜಾರದಲ್ಲಿ ವಿದೂಷಕರ ಮುಖಗಳನ್ನೂ ಬಾಗಿಲ ಮೇಲಿನ ಗುಲಾಬಿಯನ್ನೂ ಹುಡುಕಿ. ಇಲ್ಲಿ ಮನಸ್ಸಿಗೆ ಬಂದದ್ದನ್ನು ಆಡಬಹುದು, ಆಡಿದ್ದು ಹೊರಗೆ ಹೋಗಕೂಡದು ಅಂತ ಅದರರ್ಥ.

1331ರಲ್ಲಿ ಎಲ್ಟ್ಸ್ ಮನೆತನಕ್ಕೆ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಜೊತೆ ಜಗಳ ಹತ್ತಿತು. ಅವನು ಕೂಗಳತೆಯ ದೂರದಲ್ಲೇ ಎತ್ತರದಲ್ಲಿ ಟ್ರುಟ್ಸೆಲ್ಟ್ಸ್ ಎಂಬ ಎದುರುಕೋಟೆ ಕಟ್ಟಿ ಕಲ್ಲುಗುಂಡು ಎಸೆಸಿದ. ಅದರ ಹಾಳು ಗೋಡೆ ಇನ್ನೂ ಇದೆ. ಕೋಖೆಮ್ ಸುಟ್ಟ ಯುದ್ಧದಲ್ಲೂ ಎಲ್ಟ್ಸ್ ಉಳಿಯಿತು, ಯಾಕೆಂದರೆ ಆಗ ಇದೇ ಮನೆತನದ ಹಾನ್ಸ್ ಆಂಟೋನ್ ಫ್ರೆಂಚ್ ಸೇನೆಯಲ್ಲೇ ಅಧಿಕಾರಿಯಾಗಿದ್ದ!

ಇನ್ನೊಂದು ದಿನ ಕೈಯಲ್ಲಿದ್ದರೆ ರೈನ್ ನದಿದಂಡೆಯ ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್ ಕೋಟೆ ನೋಡಿ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಅಲ್ಲಿ ಕುದುರೆಗಳು ಮೇಲೇರಲೆಂದು ಬಂಡೆಯಲ್ಲೇ ಕಡಿದ ಮೆಟ್ಟಿಲಿದೆ, ಮಳೆಯಲ್ಲಿ ಭಾರೀ ಜಾರುತ್ತದೆ.