ಬಳ್ಳಾರಿಯ ಕೆಂಧೂಳು ಮತ್ತು ಹೊಸ ಬಿಳಿ ಕಾರು: ಬಣ್ಣ ಕಾಪಾಡುವ ಕೆಲಸ ಇಲ್ಲಿಯವರೆಗೆ

ಜನವರಿ

ಕಾರು ಕೈಗೆ ಬರುವ ಮೊದಲೇ ಶೋರೂಮಿನವರಿಗೆ ಬರೆದು ಕೊಟ್ಟಿದ್ದೆ: ಕಾರನ್ನು ತೊಳೆಯಬಾರದು, ಪಾಲಿಶ್ ಹಾಕಬಾರದು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳಬಾರದು. "ತೊಳೀದಂಗ ಹೆಂಗ ಕೊಡೋದು ಸರ್, ನೋಡಿದೋರು ಏನಂತಾರ?" ಎಂದು ಅಲ್ಲಿನ ಹುಡುಗ ಕೇಳಿದ. ಅವನ ಕಾಳಜಿ ಸರಿಯಾದದ್ದೇ. ಆದರೆ ಬೆಳಗಿನಿಂದ ಹಲವು ಕಾರುಗಳನ್ನು ಒರೆಸಿದ ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣಗಳೇ ಹೊಸ ಬಣ್ಣದ ಮೇಲೆ ಬಿಸಿಲಿಗೆ ಹೊಳೆಯುವ ಸುತ್ತುಗೀರುಗಳನ್ನು ಮೂಡಿಸುತ್ತವೆ. ಹೊಳಪು ಮತ್ತು ರಕ್ಷಣೆ ಕೊಡುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್) ಮಾತ್ರ. ಗೀರು ತೆಗೆಯಲು ಪಾಲಿಶ್ ಮಾಡಿದಷ್ಟೂ ಅದೇ ಪದರ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ.

ಪೂಜೆಯನ್ನು ದುರ್ಗಮ್ಮನ ಗುಡಿಯಲ್ಲಿ ಮಾಡಿಸಿದೆವು. ಬಾನೆಟ್ ಮೇಲೆ ಬರೆಯಬೇಕಿದ್ದ ಸ್ವಸ್ತಿಕವನ್ನು ಅರ್ಚಕರು ನನ್ನ ವಿನಂತಿಗೆ ಒಪ್ಪಿ ಮುಂದಿನ ಗಾಜಿನ ಮೇಲೆ ಬರೆದರು. ಹೂವಿನ ಹಾರವನ್ನು ತಂತಿಯ ಬದಲು ದಾರದಲ್ಲಿ ಕಟ್ಟಿಸಿದ್ದೆ.

ಮೊದಲ ತೊಳೆತ

ನಮ್ಮೂರಿನ ಧೂಳು ಬೇರೆ ಊರಿನ ಧೂಳಿನಂಥದ್ದಲ್ಲ. ಸಂಡೂರಿನ ಗಣಿಗಳ ಅದಿರು ಮುಖ್ಯವಾಗಿ ಹೆಮಟೈಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದು 5ರಿಂದ 6ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮರಳಿನ ಕ್ವಾರ್ಟ್ಜ್ 7ರಲ್ಲಿ. ಕಾರಿನ ಬಣ್ಣ ಇವೆರಡಕ್ಕಿಂತ ಬಹಳ ಮೆತ್ತಗೆ. ಆದ್ದರಿಂದ ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಹೋಗಿ ಬಂದ ಕಾರನ್ನು ಒಣ ಬಟ್ಟೆಯಿಂದ ಒರೆಸುವುದೆಂದರೆ ಉಜ್ಜುಕಾಗದ ಹಿಡಿದಂತೆಯೇ ಸರಿ. ನಾನು ಮೊದಲು ನೊರೆಯನ್ನು ಸಿಂಪಡಿಸಿ ಧೂಳು ತಾನಾಗಿ ಇಳಿಯಲು ಬಿಟ್ಟು, ಒತ್ತಡದ ನೀರಿನಿಂದ ಕಳೆದು, ಅನಂತರವೇ ಎರಡು ಬಕೆಟ್ಟುಗಳ ಕ್ರಮದಲ್ಲಿ ತೊಳೆಯುತ್ತೇನೆ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ಎರಡನೆಯ ಬಕೆಟ್ಟಿನ ತಳದಲ್ಲಿ ನಿಂತ ಕೆಂಪು ಗಸಿಯನ್ನು ಒಮ್ಮೆ ಬೆರಳಿನಲ್ಲಿ ತಿಕ್ಕಿ ನೋಡಿದರೆ ಈ ಕ್ರಮ ಏಕೆ ಬೇಕೆಂದು ಯಾರಿಗೂ ಹೇಳಬೇಕಾಗುವುದಿಲ್ಲ.

ತೊಳೆದ ಮೇಲೂ ಹಿಂಬಾಗಿಲಿನ ಕೆಳಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕಿತ್ತಳೆ ಚುಕ್ಕೆಗಳು ಉಳಿದಿದ್ದವು. ಇವು ಅದಿರಿನ ಧೂಳಲ್ಲ. ಅದಿರು ಆಗಲೇ ಆಕ್ಸೈಡ್ ಆಗಿರುವುದರಿಂದ ಅದು ಮತ್ತೆ ತುಕ್ಕು ಹಿಡಿಯುವುದಿಲ್ಲ. ಬ್ರೇಕು, ರೈಲುಹಳಿ, ಉಕ್ಕಿನ ಕೆಲಸಗಳಿಂದ ಹಾರಿದ ಲೋಹದ ಕಬ್ಬಿಣದ ಕಣಗಳು ಬಣ್ಣಕ್ಕೆ ಕಚ್ಚಿಕೊಂಡು ತುಕ್ಕು ಹಿಡಿದಾಗ ಇಂಥ ಚುಕ್ಕೆಗಳಾಗುತ್ತವೆ. ಇವಕ್ಕೆ ಐರನ್ ರಿಮೂವರ್, ಅಂದರೆ ಕಬ್ಬಿಣದ ಕಣಗಳನ್ನು ಕರಗಿಸುವ ದ್ರವ, ಸಿಂಪಡಿಸಿದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ಗಂಧಕದ ರಾಸಾಯನಿಕ ಕಬ್ಬಿಣದೊಂದಿಗೆ ಸೇರಿದಾಗ ನೇರಳೆಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರತಿ ಚುಕ್ಕೆಯಿಂದಲೂ ನೇರಳೆ ಬಣ್ಣದ ಗೆರೆ ಕೆಳಗಿಳಿಯತೊಡಗಿತು. ಗಂಧಕದ ವಾಸನೆ ಗಾಢವಾಗಿರುವುದರಿಂದ ಈ ಕೆಲಸವನ್ನು ಬಯಲಿನಲ್ಲೇ ಮಾಡಬೇಕು. ದ್ರವ ಒಣಗಲು ಬಿಡಲೇಬಾರದು. ಇಷ್ಟಕ್ಕೇ ಮೈ ನುಣುಪಾದ ಕಾರಣ, ಕಚ್ಚಿಕೊಂಡ ಕಣಗಳನ್ನು ಎಳೆದು ತೆಗೆಯುವ ಜೇಡಿಯಂಥ ಮೆತ್ತನೆಯ ಕ್ಲೇ ಬಾರನ್ನು ಹಿಂಬಾಗಿಲಿಗೆ ಮಾತ್ರ ಬಳಸಿದೆ, ಪಾಲಿಶ್ ಮಾಡಲೇ ಇಲ್ಲ.

ಫೆಬ್ರವರಿ

ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚಿದಾಗ ಗಟ್ಟಿಯಾಗಿ ತೆಳು ಪದರವಾಗುವ ದ್ರವ, ಹಚ್ಚಿ ಮುಗಿಯಿತು. ಹೊಸ ಬಣ್ಣ ಒಣಗಲು ಕಾಯಬೇಕೆಂದು ಹಲವರು ಹೇಳಿದರು. ಅದು ಮರುಬಣ್ಣ ಹೊಡೆದ ಭಾಗಗಳಿಗೆ ಸಲ್ಲುವ ಮಾತು. ಕಾರ್ಖಾನೆಯ ಬಣ್ಣ ಸುಮಾರು 140 ಡಿಗ್ರಿ ಶಾಖದಲ್ಲಿ ಬೆಂದೇ ಬಂದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಜಿಡ್ಡು ತೆಗೆದು, ತಂಪು ಹೊತ್ತಿನಲ್ಲಿ, ಶೆಡ್ಡಿನ ಬಾಗಿಲು ಹಾಕಿಕೊಂಡು, ಸಣ್ಣ ಸಣ್ಣ ಭಾಗಗಳಾಗಿ ಹಚ್ಚಿದೆ. ಬಿಸಿ ಏರಿದರೆ ದ್ರವ ಬೇಗ ಗಟ್ಟಿಯಾಗಿ ಮೇಲೆ ಕಲೆ ನಿಲ್ಲುತ್ತದೆ. ಡಬ್ಬಿಯ ಮೇಲಿನ "9ಎಚ್" ಎಂಬುದು ಪೆನ್ಸಿಲ್ ಗಡಸುತನದ ಅಳತೆಯೇ ಹೊರತು ಖನಿಜಗಳ ಮಾಪನವಲ್ಲ. ಈ ಪದರ ಅದಿರಿನ ಗೀರನ್ನಾಗಲಿ ಕಲ್ಲಿನ ಏಟನ್ನಾಗಲಿ ತಡೆಯುವುದಿಲ್ಲ. ಅದರ ನಿಜವಾದ ಉಪಕಾರವೆಂದರೆ ಧೂಳು ಬಿಗಿಯಾಗಿ ಅಂಟದೆ, ಉಜ್ಜುವ ಅಗತ್ಯವೇ ತಗ್ಗುವುದು. ಬಳ್ಳಾರಿಯ ಕಾರಿಗೆ ಅಷ್ಟೇ ದೊಡ್ಡ ಲಾಭವೆಂದು ನಾನು ಭಾವಿಸುತ್ತೇನೆ.

ಏಪ್ರಿಲ್

ಈಗಿನ ದೊಡ್ಡ ತೊಂದರೆ ನೀರು. ನಮ್ಮ ಬೋರ್‌ವೆಲ್ಲಿನ ಗಡಸು ನೀರು 40 ಡಿಗ್ರಿ ಬಿಸಿಲಿಗೆ ಬಾನೆಟ್ ಮೇಲೆ ನೋಡನೋಡುತ್ತಲೇ ಆರಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಉಂಗುರಗಳನ್ನು ಬಿಟ್ಟುಹೋಗುತ್ತದೆ. ಬಿಳಿ ಕಾರಿನಲ್ಲಿ ಅವು ಬೇಗ ಕಾಣುವುದಿಲ್ಲವಾದ್ದರಿಂದ ಗಾಜಿನ ಮೇಲೆ ನೋಡಿ ತಿಳಿಯಬೇಕು. ಹೊತ್ತು ಮೂಡುವ ಮುನ್ನ ತೊಳೆದು, ಕೊನೆಯ ಜಾಲಿಕೆಗೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರಿನ ಕ್ಯಾನು ಬಳಸುತ್ತಿದ್ದೇನೆ, ಉಂಗುರಗಳು ಮೂಡುವುದು ನಿಂತಿದೆ. ಹಕ್ಕಿಯ ಹಿಕ್ಕೆ ಬಿದ್ದರೆ ಮಾತ್ರ ಬೆಳಗಿನವರೆಗೆ ಕಾಯದೆ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ಎತ್ತುತ್ತೇನೆ.

ಮುಂದಿನ ಬಂಪರ್, ಬಾನೆಟ್ ಅಂಚು ಮತ್ತು ಬಾಗಿಲ ಹಿಡಿಕೆಗಳ ಒಳಗುಣಿಗೆ ಸುಮಾರು 200 ಮೈಕ್ರಾನ್ ದಪ್ಪದ ಪಿಪಿಎಫ್ ಎಂಬ, ಬಣ್ಣ ಕಾಪಾಡುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸುವುದು ಬಾಕಿಯಿದೆ, ಏಕೆಂದರೆ ಲಾರಿಯಿಂದ ಸಿಡಿದ ಕಲ್ಲನ್ನು ತಡೆಯುವ ಶಕ್ತಿ ಇರುವುದು ಅದಕ್ಕೆ ಮಾತ್ರ. ಕೋಟಿಂಗ್ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲವೆಂದು ಆ ಭಾಗಗಳನ್ನು ಫೆಬ್ರವರಿಯಲ್ಲಿ ಹಾಗೆಯೇ ಬಿಟ್ಟಿದ್ದೆ. ಮಳೆಗಾಲಕ್ಕೆ ಮುಂಚೆ ಆ ಕೆಲಸ ಮುಗಿಸಿ, ಇನ್ನೊಮ್ಮೆ ಐರನ್ ರಿಮೂವರ್ ಸಿಂಪಡಿಸಿ, ಹಿಂಬಾಗಿಲಿನಲ್ಲಿ ನೇರಳೆ ಗೆರೆಗಳು ಎಷ್ಟು ಇಳಿಯುತ್ತವೆ ಎಂಬುದನ್ನು ಬರೆಯುತ್ತೇನೆ.